ರೂಪಾಯಿಯ ಮೇಲಿನ ಇಸವಿಯನ್ನು ನಂಬಬೇಡಿ

(ಜಯನಗರದಲ್ಲಿ ಹಳೆಯ ನಾಣ್ಯಗಳ ಆಸಕ್ತರ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಜಯನಗರ, ಬನಶಂಕರಿ, ಜೆ.ಪಿ. ನಗರದ ಹಳೆಯ ಮನೆಗಳಲ್ಲಿ ದೇವರ ಪೆಟ್ಟಿಗೆಯ ತಳಕ್ಕೆ ಕೈ ಹಾಕಿದರೆ ಒಂದೆರಡಾದರೂ ಬೆಳ್ಳಿ ರೂಪಾಯಿ ಸಿಗುವುದುಂಟು. ವರಮಹಾಲಕ್ಷ್ಮಿ ಹಬ್ಬದ ದಿನ ಅವು ಕಲಶದ ಮುಂದೆ ಬರುತ್ತವೆ. ಅರಿಸಿನ ಕುಂಕುಮ ಹಚ್ಚಿಸಿಕೊಂಡು ಮರುದಿನ ಮತ್ತೆ ಪೆಟ್ಟಿಗೆ ಸೇರುತ್ತವೆ. ಮನೆಯ ಹಿರಿಯರು ಅವನ್ನು 'ರಾಣಿ ರೂಪಾಯಿ', 'ರಾಜನ ರೂಪಾಯಿ' ಎಂದು ಗುರುತಿಸುತ್ತಾರೆ. ಮೊಮ್ಮಕ್ಕಳು ಕೈಗೆತ್ತಿಕೊಂಡ ಕೂಡಲೇ ನೋಡುವುದು ಇಸವಿಯನ್ನು. ಆಮೇಲೆ ಕೇಳುವುದು, ಇದಕ್ಕೆ ಈಗ ಎಷ್ಟು ಬರುತ್ತದೆ ಎಂದು.

ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆ ಮೊದಲು ಹೇಳಿಕೊಟ್ಟದ್ದೂ ಇದನ್ನೇ: ಹೆಸರು ಮತ್ತು ದಿನಾಂಕವನ್ನು ಸರಿಯಾಗಿ ಬರೆದುಕೊಳ್ಳಿ, ಉಳಿದದ್ದು ಆಮೇಲೆ. ನಾಣ್ಯದ ವಿಚಾರದಲ್ಲಿ ಮಾತ್ರ ಈ ಪಾಠ ತಲೆಕೆಳಗಾಗುತ್ತದೆ. ನಾಣ್ಯದ ಮೇಲೆ ಅತ್ಯಂತ ಸ್ಪಷ್ಟವಾಗಿ ಕಾಣುವ ಹೆಸರು ಮತ್ತು ಇಸವಿಯೇ ಬಹಳ ಸಲ ದಾರಿ ತಪ್ಪಿಸುತ್ತವೆ. ನಾಣ್ಯವನ್ನು ಗುರುತಿಸುವುದೆಂದರೆ ಆ ಎರಡನ್ನು ದಾಟಿ ನೋಡುವುದು. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ.

ಮನೆಯ ಪೆಟ್ಟಿಗೆಯಿಂದಲೇ ಶುರು ಮಾಡೋಣ. ಈಸ್ಟ್ ಇಂಡಿಯಾ ಕಂಪನಿ 1835ರಲ್ಲಿ ತನ್ನ ಆಡಳಿತದ ಪ್ರದೇಶಕ್ಕೆಲ್ಲ ಒಂದೇ ಬಗೆಯ ರೂಪಾಯಿ ತಂದಿತು. ತೂಕ 180 ಗ್ರೇನ್, ಅಂದರೆ ಈಗಿನ ಲೆಕ್ಕದಲ್ಲಿ 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ನಮ್ಮ ಅಜ್ಜಂದಿರು ಒಂದು ರೂಪಾಯಿ ತೂಕವನ್ನೇ ಒಂದು ತೊಲ ಎಂದು ಎಣಿಸುತ್ತಿದ್ದುದು ಈ ಲೆಕ್ಕದಿಂದಲೇ. ಮೊದಲ ರೂಪಾಯಿಯ ಮೇಲೆ ನಾಲ್ಕನೆಯ ವಿಲಿಯಂ ದೊರೆಯ ತಲೆ, 1835 ಎಂಬ ಇಸವಿ. ಆ ಇಸವಿ ಹೊತ್ತ ನಾಣ್ಯ 1840ರವರೆಗೂ ಟಂಕಸಾಲೆಯಿಂದ ಬರುತ್ತಲೇ ಇತ್ತು, ವಿಲಿಯಂ 1837ರಲ್ಲಿಯೇ ತೀರಿಕೊಂಡಿದ್ದರೂ ಕೂಡ.

ಅನಂತರ ಬಂದದ್ದು ವಿಕ್ಟೋರಿಯಾ ರಾಣಿಯ ರೂಪಾಯಿ. ಇಸವಿ 1840. ನಿಮ್ಮಲ್ಲಿ ಹಲವರ ಮನೆಯಲ್ಲಿ ಇದು ಇರಬಹುದು. ಆದರೆ 1840 ಎಂದು ಬರೆದ ರೂಪಾಯಿ 1861ರವರೆಗೆ ಅಚ್ಚಾಗಿದೆ. ಮಧ್ಯೆ 1857ರ ದಂಗೆ ನಡೆಯಿತು, ಕಂಪನಿಯ ಆಡಳಿತವೇ ಮುಗಿಯಿತು, ರೂಪಾಯಿಯ ಮೇಲಿನ ಇಸವಿ ಅಲ್ಲಾಡಲಿಲ್ಲ. ಹಾಗಿದ್ದರೆ ನಮ್ಮ ಕೈಯಲ್ಲಿರುವುದು ಆ ಇಪ್ಪತ್ತು ವರ್ಷಗಳಲ್ಲಿ ಮೊದಲಿನದೋ ಕೊನೆಯದೋ ಎಂದು ತಿಳಿಯುವುದು ಹೇಗೆ? ರಾಣಿಯ ತಲೆಯ ಸುತ್ತ ಇರುವ ಅಕ್ಷರಗಳನ್ನು ನೋಡಬೇಕು. 'ವಿಕ್ಟೋರಿಯಾ ಕ್ವೀನ್' ಎಂಬ ಎರಡು ಪದಗಳು ತಲೆಯ ಮೇಲಿನಿಂದ ಕಮಾನಿನಂತೆ ಒಂದೇ ಸಾಲಾಗಿ ಹೋಗಿದ್ದರೆ ಅದು ಮೊದಲಿನ ಅಚ್ಚು. ಒಂದು ಪದ ಎಡಕ್ಕೆ, ಇನ್ನೊಂದು ಬಲಕ್ಕೆ ಬೇರೆಯಾಗಿ ನಿಂತಿದ್ದರೆ ಅದು ಅನಂತರದ್ದು. ಇಸವಿ ಹೇಳದ್ದನ್ನು ಅಕ್ಷರದ ಜೋಡಣೆ ಹೇಳುತ್ತದೆ.

1862ರ ರೂಪಾಯಿಯದು ಇನ್ನೂ ಸ್ವಾರಸ್ಯದ ಕಥೆ. ಕಂಪನಿಯ ಹೆಸರು ಹೋಗಿ ಬರಿಯ 'ಇಂಡಿಯಾ' ಬಂದದ್ದು ಈ ನಾಣ್ಯದಲ್ಲಿ. ಇದು ಕೂಡ 1874ರವರೆಗೆ ಒಂದೇ ಇಸವಿಯನ್ನು ಹೊತ್ತುಕೊಂಡು ಬಂತು. ಆದರೆ ಟಂಕಸಾಲೆಯವರು ತಮ್ಮ ಲೆಕ್ಕಕ್ಕೆಂದು ಹಿಂಭಾಗದಲ್ಲಿ ಇಸವಿಯ ಕೆಳಗೆ, ಕೆಲವದರಲ್ಲಿ ಮೇಲೆಯೂ, ಸಣ್ಣ ಸಣ್ಣ ಚುಕ್ಕಿಗಳನ್ನು ಇಟ್ಟರು. ಎಷ್ಟು ಚುಕ್ಕಿ, ಅವು ಎಲ್ಲಿವೆ ಎಂಬುದನ್ನು ಎಣಿಸಿ ನಾಣ್ಯ ನಿಜವಾಗಿ ಯಾವ ವರ್ಷದ್ದೆಂದು ಸಂಗ್ರಾಹಕರು ಹೇಳುತ್ತಾರೆ. ಒಂದೇ ಒಂದು ಚುಕ್ಕಿ ಹೆಚ್ಚು ಕಡಿಮೆಯಾದರೆ ಸಾಮಾನ್ಯ ರೂಪಾಯಿ ವಿರಳವಾಗುತ್ತದೆ, ವಿರಳ ರೂಪಾಯಿ ಸಾಮಾನ್ಯವಾಗುತ್ತದೆ.

ಅಷ್ಟು ದೊಡ್ಡ ಸರಕಾರ ಇಸವಿ ಬದಲಾಯಿಸಲಿಕ್ಕೆ ಸೋಮಾರಿತನ ಮಾಡಿತೆ? ಇದಕ್ಕೆ ಉತ್ತರ ಹುಡುಕಬೇಕಾದರೆ ಇನ್ನೂ ಹಿಂದಕ್ಕೆ, ಚಿನಿವಾರರ ಕಟ್ಟೆಗೆ ಹೋಗಬೇಕು. 'ಚಿನಿವಾರ ಪೇಟೆ' ಎಂಬ ಮಾತನ್ನು ಪತ್ರಿಕೆಯ ಚಿನ್ನ ಬೆಳ್ಳಿ ಧಾರಣೆಯ ಮೂಲೆಯಲ್ಲಿ ಓದಿದವರು ಇಲ್ಲಿ ಅನೇಕರಿದ್ದೀರಿ. ಚಿನಿವಾರ ಎಂದರೆ ನಾಣ್ಯ ಪರೀಕ್ಷೆ ಮಾಡಿ ಬದಲಾಯಿಸಿ ಕೊಡುವವನು. ಹದಿನೆಂಟನೆಯ ಶತಮಾನದಲ್ಲಿ ಬಂಗಾಳದಲ್ಲಿ ಹೊಸ ರೂಪಾಯಿಗೆ ಪೂರ್ತಿ ಬೆಲೆ. ಮರುವರ್ಷ ಅದೇ ರೂಪಾಯಿಗೆ ನೂರಕ್ಕೆ ಮೂರರಂತೆ ವಟ್ಟ ಹಿಡಿಯುತ್ತಿದ್ದರು, ಅದರ ಮರುವರ್ಷ ಐದು. ಬೆಳ್ಳಿ ಸವೆದಿರಲಿ ಬಿಡಲಿ, ಇಸವಿ ಹಳತಾದರೆ ಸಾಕು, ಬೆಲೆ ಇಳಿಯಿತು. ಹಳ್ಳಿಯವನು ಕಂದಾಯ ಕಟ್ಟಲು ಕೂಡಿಟ್ಟ ಹಣದಲ್ಲಿ ಒಂದು ಪಾಲು ಹೀಗೆ ಚಿನಿವಾರನ ಪಾಲಾಗುತ್ತಿತ್ತು. ಅದಕ್ಕೆ ಕಂಪನಿ ಒಂದು ಉಪಾಯ ಮಾಡಿತು. ಮೊಗಲ್ ಬಾದಶಹ ಷಾ ಆಲಂನ ಆಳ್ವಿಕೆಯ 19ನೆಯ ವರ್ಷ ಎಂದೇ ಎಲ್ಲ ರೂಪಾಯಿಗಳ ಮೇಲೆ ಕೆತ್ತಿಸಿತು. ವರ್ಷ ಯಾವುದಾದರೂ ಆಗಲಿ, ನಾಣ್ಯದ ಮೇಲೆ ಹತ್ತೊಂಬತ್ತೇ. ಇಸವಿಯೇ ಬದಲಾಗದಿದ್ದರೆ ಚಿನಿವಾರ ಯಾವುದನ್ನು ಹಳತು ಎನ್ನಬೇಕು? ಮದರಾಸಿನ ಟಂಕಸಾಲೆಯೂ ಇದೇ ದಾರಿ ಹಿಡಿಯಿತು. ದಕ್ಷಿಣದಲ್ಲಿ ಓಡಾಡಿದ ಆರ್ಕಾಟು ರೂಪಾಯಿಗಳ ಮೇಲೆ ಎರಡನೆಯ ಆಲಂಗೀರನ ಹೆಸರು, ಹಿಜರಿ 1172. ಆ ಬಾದಶಹ ಸತ್ತದ್ದು 1759ರಲ್ಲಿ. ಅವನ ಹೆಸರಿನ ರೂಪಾಯಿ ಮುಂದಿನ ಶತಮಾನದಲ್ಲಿಯೂ ಮದರಾಸಿನಲ್ಲಿ ತಯಾರಾಗುತ್ತಿತ್ತು.

ಇಂಥ ರೂಪಾಯಿಯನ್ನು ಕೈಯಲ್ಲಿ ಹಿಡಿದು 'ಇದು ಮೊಗಲರ ಕಾಲದ್ದು' ಎಂದು ಹೇಳುವವರು ಈಗಲೂ ಸಿಗುತ್ತಾರೆ. ಪಾರಸಿ ಓದಬಲ್ಲವರು ಓದಿ ಹೌದು ಎಂದರೆ ಮುಗಿಯಿತು, ಇನ್ನು ಅನುಮಾನವೇ ಇಲ್ಲ. ಓದಿದ್ದು ತಪ್ಪಲ್ಲ. ನಾಣ್ಯ ಹೇಳಿದ್ದೇ ಸುಳ್ಳು.

ಮೈಸೂರಿನ ಕಥೆಯೂ ಬೇರೆಯಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದಲ್ಲಿ ಕೂರಿಸಿದರು. ಮೈಸೂರಿನ ಟಂಕಸಾಲೆಯಲ್ಲಿ ತಾಮ್ರದ ಕಾಸುಗಳ ಮೇಲೆ ಆನೆ ಬಂತು, ಸಿಂಹ ಬಂತು, ಕನ್ನಡ ಅಕ್ಷರ ಬಂತು. ಬೆಳ್ಳಿ ರೂಪಾಯಿಯ ಮೇಲೆ ಮಾತ್ರ ದೆಹಲಿಯ ಷಾ ಆಲಂನ ಹೆಸರು. ಅವನು 1806ರಲ್ಲಿ ತೀರಿಕೊಂಡ ಮೇಲೂ ಹೆಸರು ಹೋಗಲಿಲ್ಲ. ಕಾಸು ಓಡಾಡುವುದು ಊರಿನ ಸಂತೆಯಲ್ಲಿ, ಅಲ್ಲಿ ದೊರೆಯ ಗುರುತು ಸಾಕು. ರೂಪಾಯಿ ಊರು ದಾಟಿ ಹೋಗುವ ನಾಣ್ಯ. ದೂರದ ಚಿನಿವಾರ ಅದನ್ನು ಬೆಲೆ ಕಡಿಮೆ ಮಾಡದೆ ತೆಗೆದುಕೊಳ್ಳಬೇಕಾದರೆ ಅವನಿಗೆ ಪರಿಚಯವಿರುವ ಹೆಸರೇ ಬೇಕು. 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ, 1833ರಲ್ಲಿ ಈ ಟಂಕಸಾಲೆ ನಮ್ಮ ಬೆಂಗಳೂರಿಗೆ ಬಂತು. 1843ರಲ್ಲಿ ಮುಚ್ಚಿತು. ಬೆಂಗಳೂರಿನಲ್ಲಿ ಹತ್ತು ವರ್ಷ ಮೈಸೂರಿನ ನಾಣ್ಯ ಅಚ್ಚಾಗುತ್ತಿತ್ತು ಎಂಬುದು ಇಂದು ಎಷ್ಟು ಜನಕ್ಕೆ ಗೊತ್ತಿದೆಯೋ ತಿಳಿಯದು.

ಬೆಳ್ಳಿಯನ್ನು ಬಿಟ್ಟು ಒಂದು ಕ್ಷಣ ಚಿನ್ನಕ್ಕೆ ಹೋಗುತ್ತೇನೆ, ಏಕೆಂದರೆ ಮೈಸೂರಿನ ಅತ್ಯುತ್ತಮ ಉದಾಹರಣೆ ಇರುವುದು ಅಲ್ಲಿ. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ನರಸಿಂಹನ ರೂಪವಿರುವ ಪುಟ್ಟ ಚಿನ್ನದ ಹಣವನ್ನು ಹೊರಡಿಸಿದರು. ಗ್ರಾಂ ಲೆಕ್ಕದಲ್ಲಿ ಅರ್ಧವೂ ಇಲ್ಲ, ಬೆರಳಿನ ಉಗುರಿನ ಮೇಲೆ ಇಟ್ಟರೆ ಊದಿದರೆ ಹಾರಿಹೋದೀತು. ಇದೇ ಕಂಠೀರಾಯಿ ಹಣ. ಹೈದರ್ ಮತ್ತು ಟಿಪ್ಪುವಿನ ಕಾಲ ಕಳೆದ ಮೇಲೆ ದಿವಾನ್ ಪೂರ್ಣಯ್ಯನವರು ಹೊಸ ಚಿನ್ನದ ಹಣ ಮಾಡಿಸಬೇಕಾದಾಗ ನೂರೈವತ್ತು ವರ್ಷದ ಹಿಂದಿನ ಇದೇ ಕಂಠೀರಾಯಿ ಹಣವನ್ನು ಮತ್ತೆ ಅಚ್ಚು ಹಾಕಿಸಿದರು. ಹೆಸರು ಅದೇ, ನರಸಿಂಹ ಅದೇ. ಜನ ಮಾತ್ರ ಮೋಸ ಹೋಗಲಿಲ್ಲ. ಹಳೆಯದು ಸ್ವಲ್ಪ ಅಗಲ, ಹೊಸದು ಸಣ್ಣಗೆ ದಪ್ಪ. ಅವರು ಒಂದನ್ನು ಅಗಲ ಕಂಠೀರಾಯಿ ಹಣ ಎಂದು, ಇನ್ನೊಂದನ್ನು ಗಿಡ್ಡ ಕಂಠೀರಾಯಿ ಹಣ ಎಂದು ಕರೆದರು. ನಾಣ್ಯಶಾಸ್ತ್ರದ ವಿದ್ವಾಂಸರು ಬರುವ ಮೊದಲೇ ನಮ್ಮ ಸಂತೆಯ ಜನ ಮಾಡಿದ ವರ್ಗೀಕರಣ ಇದು. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಅವರು ನೋಡಿದ್ದು ಅಕ್ಷರವನ್ನಲ್ಲ, ಆಕಾರವನ್ನು.

ಇದೆಲ್ಲ ನಮ್ಮ ದೇಶದ ಗೊಂದಲ ಎಂದುಕೊಳ್ಳಬೇಡಿ. ನಮ್ಮ ರೂಪಾಯಿಯ ಮೇಲೆ ತಲೆ ಕೆತ್ತಿಸಿದ ಇಂಗ್ಲೆಂಡಿನ ದೊರೆಗಳ ಪೂರ್ವಜರೂ ಇದನ್ನೇ ಮಾಡಿದ್ದಾರೆ. ಅಲ್ಲಿ ಮಧ್ಯಯುಗದಲ್ಲಿ ಇದ್ದದ್ದು ಪೆನ್ನಿ ಎಂಬ ತೆಳ್ಳನೆಯ ಬೆಳ್ಳಿ ಬಿಲ್ಲೆ. ತೂಕ ನಮ್ಮ ರೂಪಾಯಿಯ ಎಂಟನೆಯ ಒಂದು ಪಾಲು. 1180ರಲ್ಲಿ ಎರಡನೆಯ ಹೆನ್ರಿ ಹೊಸ ಅಚ್ಚು ತಂದ, ಒಂದು ಕಡೆ ಮುಖ, ಇನ್ನೊಂದು ಕಡೆ ಗಿಡ್ಡ ಶಿಲುಬೆ. ಅವನ ನಂತರ ಮಗ ರಿಚರ್ಡ್ ಬಂದ, ಇನ್ನೊಬ್ಬ ಮಗ ಜಾನ್ ಬಂದ, ಮೊಮ್ಮಗ ಮೂರನೆಯ ಹೆನ್ರಿ ಬಂದ. 1247ರವರೆಗೆ ನಾಣ್ಯದ ಮೇಲಿನ ಹೆಸರು ಹೆನ್ರಿಯದೇ. ರಿಚರ್ಡ್ ಧರ್ಮಯುದ್ಧಕ್ಕೆ ಹೋಗಿ ಹೆಸರು ಮಾಡಿದ, ಅವನ ಕಾಲದ ಇಂಗ್ಲಿಷ್ ಪೆನ್ನಿಯಲ್ಲಿ ಅವನ ಹೆಸರಿಲ್ಲ. ಅಲ್ಲಿನ ಸಂಗ್ರಾಹಕರು ದೊರೆಯ ಕೂದಲಿನ ಸುರುಳಿ ಎಷ್ಟು, ಕಿರೀಟದ ಮಣಿ ಎಷ್ಟು, ಅಕ್ಷರದ ತಿರುವು ಹೇಗೆ ಎಂದು ನೋಡಿ ಇದು ರಿಚರ್ಡನದು, ಇದು ಜಾನನದು ಎಂದು ಬೇರ್ಪಡಿಸುತ್ತಾರೆ. ಇನ್ನೊಂದು ಅನುಕೂಲವೂ ಅವರಿಗಿದೆ. ಹಿಂಭಾಗದಲ್ಲಿ ಅಚ್ಚು ಹಾಕಿಸಿದವನ ಹೆಸರು, ಊರಿನ ಹೆಸರು ಇರುತ್ತದೆ. ಬೆಳ್ಳಿ ಕಡಿಮೆಯಾದರೆ ಯಾರ ಕೈ ಹಿಡಿಯಬೇಕೆಂದು ದೊರೆಗೆ ಗೊತ್ತಿರಲೆಂದು ಮಾಡಿದ ಏರ್ಪಾಡು ಅದು. 1247ರಲ್ಲಿ ಶಿಲುಬೆಯ ತೋಳುಗಳನ್ನು ಅಂಚಿನವರೆಗೆ ಚಾಚಿದರು. ಅಂಚನ್ನು ಕತ್ತರಿಸಿ ಬೆಳ್ಳಿ ಕದಿಯುತ್ತಿದ್ದವರಿಗೆ ಅದು ಅಡ್ಡಿ. ಶಿಲುಬೆ ಮೊಟಕಾಗಿದ್ದರೆ ಕಳವು ಕಣ್ಣಿಗೆ ಕಾಣುತ್ತಿತ್ತು.

ಹೆಸರನ್ನು ಸುಮ್ಮನೆ ಮುಂದುವರಿಸಲು ಒಪ್ಪದವನೊಬ್ಬ ನಮ್ಮಲ್ಲಿದ್ದ. ಹೈದರ್ ಅಲಿ ತನ್ನ ವರಹದ ಮೇಲೆ ಮೊದಲಿನಂತೆ ಶಿವ ಪಾರ್ವತಿಯರನ್ನೇ ಉಳಿಸಿಕೊಂಡು, ಹಿಂಭಾಗದಲ್ಲಿ ತನ್ನ ಹೆಸರಿನ ಮೊದಲಕ್ಷರವೊಂದನ್ನು ಮಾತ್ರ ಇಟ್ಟ. ಮಗ ಟಿಪ್ಪು ಎಲ್ಲವನ್ನೂ ಬದಲಾಯಿಸಿದ. ಅವನ ಬೆಳ್ಳಿ ರೂಪಾಯಿಗೆ ಇಮಾಮಿ ಎಂದು ಹೆಸರು, ಎರಡು ರೂಪಾಯಿಗೆ ಹೈದರಿ, ಅರ್ಧಕ್ಕೆ ಆಬಿದಿ, ಕಾಲಿಗೆ ಬಾಕಿರಿ. ಮೊಗಲ್ ಬಾದಶಹನ ಹೆಸರನ್ನು ತೆಗೆದುಹಾಕಿದ. ವಿಶೇಷವೆಂದರೆ ತನ್ನ ಹೆಸರನ್ನೂ ಹಾಕಿಸಲಿಲ್ಲ. ಏಕೈಕನೂ ನ್ಯಾಯವಂತನೂ ಆದ ಸುಲ್ತಾನ ಎಂಬ ಅರ್ಥದ ಮಾತಿದೆ, ಟಿಪ್ಪು ಎಂಬ ಪದವಿಲ್ಲ. ಊರುಗಳ ಹೆಸರನ್ನೂ ಬಿಡಲಿಲ್ಲ. ಚಿತ್ರದುರ್ಗ ಫರ್ರುಖ್‌ಯಾಬ್ ಹಿಸಾರ್ ಆಯಿತು, ಗುತ್ತಿ ಫೈಜ್ ಹಿಸಾರ್ ಆಯಿತು.

ಇಸವಿಯ ಕಥೆ ಇನ್ನೂ ತೊಡಕಿನದು. 1787ರಿಂದ ಹಿಜರಿ ಶಕೆಯನ್ನು ಬಿಟ್ಟು ಮೌಲೂದಿ ಎಂಬ ಹೊಸ ಶಕೆ ಹಿಡಿದ. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಅರಬ್ಬಿ ಲಿಪಿ ಬಲದಿಂದ ಎಡಕ್ಕೆ ಹೋದರೂ ಅದರಲ್ಲಿ ಅಂಕಿಗಳನ್ನು ನಮ್ಮಂತೆ ಎಡದಿಂದಲೇ ಓದುತ್ತಾರೆ. ಹೀಗಾಗಿ 1218 ಎಂಬುದು ಟಿಪ್ಪುವಿನ ನಾಣ್ಯದಲ್ಲಿ 8121 ಎಂದು ಕಾಣುತ್ತದೆ. ಅಭ್ಯಾಸವಿಲ್ಲದವರು ತಬ್ಬಿಬ್ಬಾಗುವುದು ಇಲ್ಲಿಯೇ. ಇದರ ಜೊತೆಗೆ ವರ್ಷಕ್ಕೊಂದು ಹೆಸರು ಕೂಡ ಇದೆ. ಹೆಸರು ಅರಬ್ಬಿ ಪಾರಸಿಯದು, ಅದರ ಹಿಂದಿರುವುದು ಪ್ರಭವ ವಿಭವ ಎಂದು ನಮ್ಮ ಪಂಚಾಂಗದಲ್ಲಿ ಬರುವ ಅರವತ್ತು ಸಂವತ್ಸರಗಳ ಚಕ್ರವೇ. ಈ ವಿಷಯದಲ್ಲಿ ಜೆ.ಆರ್. ಹೆಂಡರ್ಸನ್ 1921ರಲ್ಲಿ ಮದರಾಸಿನಿಂದ ಪ್ರಕಟಿಸಿದ ಪುಸ್ತಕವನ್ನು ಇಂದಿಗೂ ಎಲ್ಲರೂ ತೆರೆಯುತ್ತಾರೆ. ಕರ್ನಾಟಕದ ಒಟ್ಟು ನಾಣ್ಯಗಳಿಗೆ ಡಾ. ಎ.ವಿ. ನರಸಿಂಹಮೂರ್ತಿಯವರ 1975ರ ಗ್ರಂಥವಿದೆ.

ಈಗ ಸ್ವಲ್ಪ ಊರಿನ ಇನ್ನೊಂದು ಮೂಲೆಗೆ ಹೋಗೋಣ. ಬೆಂಗಳೂರಿನ ನೆಲದಲ್ಲಿ ಸಿಕ್ಕಿರುವ ಹಳೆಯ ಬೆಳ್ಳಿ ನಾಣ್ಯಗಳಲ್ಲಿ ಹೆಸರಾದವು ನಮ್ಮ ದೊರೆಗಳವಲ್ಲ, ರೋಮಿನವು. 1891ರಲ್ಲಿ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. 1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ ಅಗೆಯುವಾಗ 256 ಸಿಕ್ಕವು. ದಕ್ಷಿಣ ಭಾರತದ ಇಂಥ ನಿಧಿಗಳಲ್ಲಿ ಹೆಚ್ಚಾಗಿ ಕಾಣುವುದು ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ನಾಣ್ಯ. ಅಂದರೆ ಕ್ರಿಸ್ತಶಕದ ಆರಂಭದ ಸುಮಾರಿನವು. ಹಾಗೆಂದು ಅವು ಆಗಲೇ ಇಲ್ಲಿಗೆ ಬಂದವು ಎನ್ನುವ ಹಾಗಿಲ್ಲ. ಕ್ರಿ.ಶ. 64ರಲ್ಲಿ ನೀರೋ ಬೆಳ್ಳಿಯ ನಾಣ್ಯದ ತೂಕವನ್ನೂ ಹದವನ್ನೂ ಇಳಿಸಿದ. ನಮ್ಮ ವ್ಯಾಪಾರಿಗಳು ಆ ಮೇಲೆಯೂ ಹಳೆಯ, ಒಳ್ಳೆಯ ಬೆಳ್ಳಿಯ ನಾಣ್ಯವನ್ನೇ ಆರಿಸಿ ತೆಗೆದುಕೊಂಡಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಮತ್ತೆ ಅದೇ ಮಾತು: ನಾಣ್ಯದ ಮೇಲಿನ ಚಕ್ರವರ್ತಿ ನಾಣ್ಯ ಅಚ್ಚಾದ ಕಾಲವನ್ನು ಹೇಳಿಯಾನು, ಯಶವಂತಪುರದ ಮಣ್ಣಿಗೆ ಅದು ಬಿದ್ದ ಕಾಲವನ್ನು ಅವನು ಬಲ್ಲನೆ?

ಅದನ್ನು ಹೇಳಬಲ್ಲದ್ದು ಜೊತೆಯಲ್ಲಿ ಸಿಕ್ಕ ಬೇರೆ ನಾಣ್ಯಗಳು. ಒಂದು ಮಡಕೆಯಲ್ಲಿ ನೂರು ನಾಣ್ಯವಿದ್ದರೆ ಅವುಗಳಲ್ಲಿ ಎಲ್ಲಕ್ಕಿಂತ ಹೊಸದು ಯಾವುದೋ ಅದಕ್ಕಿಂತ ಮೊದಲು ಆ ಮಡಕೆಯನ್ನು ಹೂಳಿರಲು ಸಾಧ್ಯವಿಲ್ಲ. ಈ ಒಂದು ಸಾಲಿನ ತರ್ಕ ನಿಲ್ಲಬೇಕಾದರೆ ನೂರೂ ಒಟ್ಟಿಗೆ ಇರಬೇಕು. ಸಿಕ್ಕವರು ನಾಲ್ಕು ಇಟ್ಟುಕೊಂಡು, ಹತ್ತು ಮಾರಿ, ಉಳಿದದ್ದನ್ನು ಕರಗಿಸಿದರೆ ಬೆಳ್ಳಿ ಬೆಳ್ಳಿಯಾಗಿಯೇ ಇರುತ್ತದೆ, ಇತಿಹಾಸ ಮಾತ್ರ ಹೋಯಿತು. ಅದಕ್ಕೇ 1878ರಿಂದ ನಿಧಿಗೆ ಕಾನೂನು ಇದೆ, ನಮ್ಮ ರಾಜ್ಯದಲ್ಲಿ 1962ರ ಕಾಯ್ದೆಯಿದೆ. ಮಣ್ಣಿನಲ್ಲಿ ಸಿಕ್ಕದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ಬಿ.ಟಿ.ಎಂ. ಬಡಾವಣೆಯಾಚೆ, ಬೇಗೂರಿನ ಕಡೆ ಅಪಾರ್ಟ್‌ಮೆಂಟಿಗೆ ಪಾಯ ತೆಗೆಯುವ ಜೆ.ಸಿ.ಬಿ. ಚಾಲಕನಿಗೆ ಈ ಕಾಯ್ದೆಯನ್ನು ಯಾರು ಹೇಳಿದ್ದಾರೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಬೇಗೂರು ಎಂದರೆ ಬೆಂಗಳೂರು ಎಂಬ ಹೆಸರಿರುವ ಗಂಗರ ಕಾಲದ ವೀರಗಲ್ಲು ಸಿಕ್ಕ ಊರು, ನೆನಪಿರಲಿ.

ನಮ್ಮ ಮನೆಗಳ ರೂಪಾಯಿಗೆ ಮಣ್ಣಿನ ಕಾಟವಿಲ್ಲ, ಬೇರೆ ಕಾಟಗಳಿವೆ. ಮೊದಲನೆಯದು ಕುಲುಮೆ. ಬೆಳ್ಳಿಯ ಧಾರಣೆ ಏರಿದಾಗಲೆಲ್ಲ ನಗರ್ತಪೇಟೆಗೂ ಗಾಂಧಿ ಬಜಾರಿಗೂ ರೂಪಾಯಿ ಹೋಗಿ ಕಾಲ್ಗೆಜ್ಜೆಯಾಗಿ ಬರುತ್ತದೆ. ಕೊಡುವ ಮುಂಚೆ ಒಂದು ಮಾತು. ಆರನೆಯ ಜಾರ್ಜ್ ದೊರೆಯ ರೂಪಾಯಿಗಳಲ್ಲಿ 1940ರಿಂದೀಚೆಗಿನವುಗಳಲ್ಲಿ ಬೆಳ್ಳಿ ಅರ್ಧ ಪಾಲು ಮಾತ್ರ. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಇಲ್ಲಿ ಮಾತ್ರ ಇಸವಿ ನಿಜ ಹೇಳುತ್ತದೆ. ಹಳೆಯದೆಲ್ಲ ಅಪ್ಪಟ ಬೆಳ್ಳಿಯೆಂದು ಕೊಳ್ಳುವವರು ಅದನ್ನು ಓದುವುದಿಲ್ಲ.

ಎರಡನೆಯದು ನಕಲಿ. ರಾಮ ಪಟ್ಟಾಭಿಷೇಕದ ಚಿತ್ರವಿರುವ ರಾಮಟಂಕಗಳು ಪೂಜೆಗೆಂದು ಮಾಡಿದವು, ಅವುಗಳಲ್ಲಿ ತಪ್ಪೇನಿಲ್ಲ. ಆದರೆ ಒಂದು ಕಡೆ ರಾಮ ಅಥವಾ ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ ಎಂಬ ಇಂಗ್ಲಿಷ್ ಅಕ್ಷರ, 1616 ಅಥವಾ 1818 ಎಂಬ ಇಸವಿ, ಒಂದು ಆಣೆ ಎಂಬ ಬೆಲೆ, ಇಂಥವನ್ನು ಮಾರಲು ಬಂದರೆ ಬಾಗಿಲಲ್ಲೇ ಕಳಿಸಿ. ದೇವರ ರೂಪವಿದ್ದ ಚಿನ್ನದ ವರಹಗಳನ್ನು ಕಂಪನಿ ಮದರಾಸಿನಲ್ಲಿ ಹೊರಡಿಸಿದ್ದುಂಟು. ಇಂಥ ಆಣೆಗಳನ್ನು ಹೊರಡಿಸಿಯೇ ಇಲ್ಲ. ಹಾಗೆಯೇ ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಇಷ್ಟು ಶುಲ್ಕ ಕಟ್ಟಿ ಎಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಬರುವ ಕರೆಗಳು. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಬ್ಯಾಂಕು 2021ರಲ್ಲಿ ಪ್ರಕಟಣೆಯನ್ನೇ ಹೊರಡಿಸಬೇಕಾಯಿತು.

ಮೂರನೆಯದು ನಮ್ಮ ಬಡಾವಣೆಗಳಿಗೇ ವಿಶೇಷವಾದದ್ದು. ಮಗಳು ಅಮೆರಿಕದಲ್ಲಿದ್ದಾಳೆ, ಅಜ್ಜಿಯ ರಾಣಿ ರೂಪಾಯಿ ಅವಳ ಪಾಲಿಗೆ ಬಂದಿದೆ, ಹೋಗುವಾಗ ಕೈಚೀಲದಲ್ಲಿ ಹಾಕಿ ಕಳಿಸೋಣ ಎಂದು ಯಾವ ತಾಯಿಗೂ ಅನ್ನಿಸುತ್ತದೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ವಿಕ್ಟೋರಿಯಾ, ಎಡ್ವರ್ಡ್ ದೊರೆಗಳವು ಎಲ್ಲವೂ ಈ ಗೆರೆ ದಾಟಿವೆ. ಐದನೆಯ ಜಾರ್ಜನವೂ ಒಂದೊಂದೇ ದಾಟುತ್ತಿವೆ. ಆ ಜಾರ್ಜನ 1911ರ ರೂಪಾಯಿ ಇದ್ದರೆ ಭೂತಗನ್ನಡಿ ಹಿಡಿದು ನಿಲುವಂಗಿಯ ಮೇಲಿನ ಪದಕದ ಆನೆಯನ್ನು ನೋಡಿ. ಅದು ಹಂದಿಯ ಹಾಗೆ ಕಾಣುತ್ತದೆ ಎಂದು ಗದ್ದಲವೆದ್ದು, ಸರಕಾರ ನಾಣ್ಯ ಹಂಚುವುದನ್ನು ನಿಲ್ಲಿಸಿ ಮರುವರ್ಷ ಆನೆಯನ್ನು ತಿದ್ದಿಸಿತು.

ಕೊನೆಯದಾಗಿ ತೊಳೆಯುವ ವಿಷಯ. ಹಬ್ಬದ ಹಿಂದಿನ ದಿನ ಬೆಳ್ಳಿ ಸಾಮಾನಿನ ಜೊತೆಗೆ ರೂಪಾಯಿಯನ್ನೂ ವಿಭೂತಿಯಲ್ಲೋ ಹುಣಸೆಹಣ್ಣಿನಲ್ಲೋ ತಿಕ್ಕುವುದು ನಮ್ಮ ಮನೆಗಳ ಪದ್ಧತಿ. ದೀಪಕ್ಕೆ, ಕುಂಕುಮದ ಬಟ್ಟಲಿಗೆ ಅದು ಸರಿ. 1862ರ ರೂಪಾಯಿಯ ಚುಕ್ಕಿಗಳು ಸಾಸಿವೆಗಿಂತ ಸಣ್ಣವು. ಹತ್ತು ವರಮಹಾಲಕ್ಷ್ಮಿ ಹಬ್ಬಗಳಿಗೆ ಅವು ಸವೆದುಹೋಗುತ್ತವೆ. ಆಮೇಲೆ ಆ ನಾಣ್ಯ ಯಾವ ವರ್ಷದ್ದೆಂದು ಯಾವ ತಜ್ಞನೂ ಹೇಳಲಾರ. ಬಿಸಿ ನೀರಿನಲ್ಲಿ ಅದ್ದಿ, ಹತ್ತಿಯ ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಸಾಕು. ಜೊತೆಗೆ ಒಂದು ಚೀಟಿ ಬರೆದಿಡಿ: ಯಾರಿಂದ ಬಂತು, ಯಾವ ಊರಿನ ಮನೆಯಲ್ಲಿತ್ತು, ಅದರ ಜೊತೆ ಇನ್ನು ಯಾವ ಯಾವ ನಾಣ್ಯವಿತ್ತು. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಹರಡುತ್ತದೆ.